ಇಪ್ಪತ್ತಮೂರು ಹಾಳು ಮತ

ನವೆಂಬರ್ 3, ಸೋಮವಾರ. ಬೆಳಿಗ್ಗೆ 7.40, ಬಸ್ಸಿನಲ್ಲಿ

ಸೀಟು ಸಿಕ್ಕಿದೆ. ಕಿಟಕಿ ಪಕ್ಕ ಅಲ್ಲ, ಆದರೂ ಸೀಟು. ಮನೆಯಿಂದ ಹೈವೇಗೆ ಎರಡು ಕಿಲೋಮೀಟರ್ ನಡೆದು, ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಕಾರವಾರ ಮುಟ್ಟುವಾಗ ಒಂಬತ್ತು. ಕೋಡಿಬಾಗದ ಆನ್‌ಲೈನ್ ಸೆಂಟರಿನ ಶಟರ್ ಎತ್ತುವುದು ನನ್ನ ಕೆಲಸ. ಆಮೇಲೆ ಸಂಜೆ ತನಕ ಬೇರೆಯವರ ಅರ್ಜಿ — ಆಧಾರ್, ಪಿಂಚಣಿ, ಪಹಣಿ, ಸ್ಕಾಲರ್‌ಶಿಪ್. ಮೂರು ವರ್ಷ ಊರಿನವರದೆಲ್ಲ ತುಂಬಿದೆ. ಕಳೆದ ವಾರ ಮೊದಲ ಸಲ ನನ್ನದೇ ಒಂದು ತುಂಬಿದೆ. ನಾಮಪತ್ರ.

ಶುಕ್ರವಾರ ಚಿಹ್ನೆಯೂ ಬಂತು. ನನಗೆ ಟಾರ್ಚು, ಬೀರು ಗೌಡರಿಗೆ ಆಟೋರಿಕ್ಷಾ. ಪಂಚಾಯತದಲ್ಲಿ ನಮ್ಮ ವಾರ್ಡಿನ ಸದಸ್ಯರೊಬ್ಬರು ತೀರಿಕೊಂಡು ಖಾಲಿಯಾದ ಒಂದೇ ಸೀಟು. ಕಣದಲ್ಲಿ ಇಬ್ಬರೇ. ಬೀರು ಗೌಡರು ಹಿಂದೆ ಎರಡು ಸಲ ಮೆಂಬರ್ ಆಗಿದ್ದವರು, ಅರವತ್ತೆಂಟು ವರ್ಷ. ನನಗೆ ಇಪ್ಪತ್ತಾರು. ಊರೊಳಗೆ ಬಸ್ಸಿಗೆ ಜಾಗ ಇಲ್ಲ ಅನ್ನುವವರಿಗೆ ಆಟೋ ಚಿಹ್ನೆ! ಚುನಾವಣಾಧಿಕಾರಿಗಳಿಗೆ ತಮಾಷೆ ಗೊತ್ತಿದೆ ಅಂತಾಯಿತು.

ಗೆಲ್ಲುತ್ತೇನೆ. ಬೇಕಾದ್ದು ಒಂದೇ — ಸಂಜೆ ಆರೂವರೆ ಬಸ್ಸು. ನಾನು ಹೈಸ್ಕೂಲಿನಲ್ಲಿದ್ದಾಗ ಅಗಸೂರು ದಾಟಿ ನಮ್ಮ ಕೊಪ್ಪದ — ನಮ್ಮ ಕೇರಿಯ — ಒಳಗೇ ಬರುತ್ತಿತ್ತು. ಆಮೇಲೆ ನಿಂತಿತು. ಈಗ ಹೈವೇಯಲ್ಲಿ ಇಳಿದು ಕತ್ತಲಲ್ಲಿ ನಡೆಯಬೇಕು. ಕಾಶಿ ಅದಕ್ಕೇ ಅಂಕೋಲೆಯ ನರ್ಸ್ ಕೆಲಸ ಬಿಟ್ಟಳು. ನನ್ನ ಕ್ಲಾಸ್‌ಮೇಟ್, ನನಗಿಂತ ಬುದ್ಧಿವಂತೆ. ಈಗ ಹಿತ್ತಲಲ್ಲಿ ಬಸಳೆಗೆ ನೀರು ಹಾಕುತ್ತಾಳೆ. ಅವಳ ಬಿಳಿ ಯೂನಿಫಾರಂ ಪೆಟ್ಟಿಗೆಯಲ್ಲಿದೆ.

ಅಂಕೋಲೆ ಬಂತು. ಓಡಬೇಕು.

ನವೆಂಬರ್ 5, ಬುಧವಾರ. ಊಟದ ಹೊತ್ತು

ಸುಗಂಧಾ ಮೇಡಂ — ಅಂಗಡಿಯ ಮಾಲಕಿ — ಬಾಂಗಡೆ ಸಾರು ತಂದಿದ್ದರು. ಬಡಿಸುತ್ತಾ ಕೇಳಿದರು, "ವೀಣಾ ಗೋ, ನೀ ಗೆಲ್ಲುದು ಗೆಲ್ತಿ. ಮೀಟಿಂಗಿಗೆ ಹೋದ ದಿವ್ಸ ನನ್ನ ಶಟರ್ ಯಾರು ಎತ್ತುದು?" ಬಸ್ಸು ಬಂದರೆ ಕಾಶಿ ಎತ್ತುತ್ತಾಳೆ ಅಂದೆ. ನಕ್ಕರು.

ನಮ್ಮ ಕೇರಿಯ ಹುಲಿಯಾ ವಾಟ್ಸಾಪ್ ಗ್ರೂಪ್ ಮಾಡಿದ್ದಾನೆ. 'ಟಾರ್ಚ್ ಟೀಮ್'. ಗೋವಾದಲ್ಲಿ ಹೋಟೆಲ್ ಕೆಲಸ ಅವನಿಗೆ, ಆದರೆ ನನ್ನ ಪ್ರಚಾರದ ಅರ್ಧ ಅವನ ಫೋನಿನಲ್ಲೇ ನಡೆಯುತ್ತದೆ. ಎಂಬತ್ನಾಲ್ಕು ಜನ, ಎಲ್ಲ ಮೂವತ್ತರ ಒಳಗಿನವರು. ಗೋವಾ, ಕಾರವಾರ, ಹುಬ್ಬಳ್ಳಿ... ಎಲ್ಲೆಲ್ಲೋ ಇದ್ದಾರೆ, ವೋಟು ಮಾತ್ರ ಇಲ್ಲಿದೆ. ಬಂದೇ ಬರುತ್ತೇವೆ ಅನ್ನುತ್ತಾರೆ.

ವಾರ್ಡಿನಲ್ಲಿ ಐನೂರಿಪ್ಪತ್ತು ಮತ. ಎಂಬತ್ನಾಲ್ಕು ಜೇಬಿನಲ್ಲಿ. ಅವರವರ ಅಕ್ಕ, ಅಣ್ಣ, ಅತ್ತಿಗೆ ಸೇರಿದರೆ ಇನ್ನೂರು. ಉಳಿದವರು ಮುದುಕರು. ಅವರ ಕಥೆ ಗೊತ್ತಿದ್ದದ್ದೇ. ಐವತ್ತು ವರ್ಷ ತಪ್ಪದೆ ಮತ ಹಾಕಿದರು, ಇದ್ದ ಬಸ್ಸನ್ನೂ ಕಳೆದುಕೊಂಡರು. ಅವರು ಮಾಡಿದ್ದಕ್ಕೆ ಕತ್ತಲಲ್ಲಿ ನಡೆಯುವವರು ನಾವು. ಸಿಟ್ಟು ಬರುತ್ತದೆ. ಬರಲಿ, ಸಿಟ್ಟಿದ್ದರೆ ಕಾಲು ಬೇಗ ಓಡುತ್ತದೆ.

ನವೆಂಬರ್ 9, ಭಾನುವಾರ. ಸಂಜೆ

ದಿನವಿಡೀ ಮನೆಮನೆ. ಕಾಶಿ ಜೊತೆಗಿದ್ದಳು.

ಪಂಚಾಯತಿಗೆ ಮಷೀನ್ ಇಲ್ಲ. ಕಾಗದ, ಮೊಹರು, ಡಬ್ಬಿ. ನನಗೆ ಹೆದರಿಕೆ ಇದ್ದದ್ದು ಇದೊಂದಕ್ಕೇ — ಮುದುಕರಲ್ಲಿ ನನಗೆ ಹಾಕುವವರು ನಾಲ್ಕೇ ಜನ ಇದ್ದರೂ ಅದನ್ನು ಹಾಳು ಮಾಡಬಾರದು. ಹಳೆ ಮದುವೆ ಕಾರ್ಡು ಕತ್ತರಿಸಿ, ಹಿಂದಿನ ಖಾಲಿ ಬದಿಯಲ್ಲಿ ಟಾರ್ಚು, ಆಟೋ ಬರೆದೆವು. ಬಟಾಟೆ ಕೊರೆದು ಮೊಹರು. ಅರಿಶಿನ ನೀರು ಮಸಿ. "ಮೊಹರು ಒಂದೇ, ಚೌಕದ ಒಳಗೆ. ಬೇರೆ ಯಂತಾದ್ರೂ ಗೀಚಿದ್ರೆ ಮತ ಹಾಳು. ಉದ್ದಕ್ಕೆ ಮಡಚಿ, ಅಡ್ಡಕ್ಕೆ ಮಡಚಿ, ಡಬ್ಬಿಗೆ ಹಾಕಿ" — ಮೂವತ್ತು ಮನೆಯಲ್ಲಿ ಹೇಳಿ ಗಂಟಲು ಒಣಗಿತು.

ಕೊನೆಗೆ ನಮ್ಮ ಮನೆ. ನಾಗಮ್ಮಜ್ಜಿಗೂ ಒಂದು ಕಾರ್ಡು ಕೊಟ್ಟೆ. ಶಾಲೆ ಮಕ್ಕಳ ಹಾಗೆ ಕೂತು ಹೇಳಿದಂತೆಯೇ ಮಾಡಿದಳು. ಆಮೇಲೆ ನಗು.

"ನಿನ್ ಅಪ್ಪ ಹುಟ್ಟೂಕಿಂತ ಮುಂಚೆಯಿಂದ ವೋಟಿನ ಕಾಗ್ದ ಮಡಚ್ತೆ ನಾನು. ನೀ ನಂಗೆ ಕಲ್ಸೂಕೆ ಬಂದ್ಯಾ?"

"ಮರ್ತು ಹೋಗಿರ್ತದೆ ಅಂತ ಅಜ್ಜಿ."

"ಹಿಂದಿನ ಪಂಚಾಯತಿಗೆ ನೀ ಹಾಕಿದ್ಯಾ?"

ಇಲ್ಲ. ಆಗ ಕಾರವಾರದ ಹಾಸ್ಟೆಲ್‌ನಲ್ಲಿದ್ದೆ. ಪರೀಕ್ಷೆ ಇತ್ತು. ಇತ್ತೋ, ಮುಗಿದಿತ್ತೋ... ಬರಲಿಲ್ಲ ಅನ್ನುವುದು ನಿಜ. ಮಾತು ತಿರುಗಿಸಿದೆ.

ಕಾಶಿಯನ್ನು ಮನೆ ಮುಟ್ಟಿಸಲು ಹೊರಟಾಗ ಅವಳು, "ನಮ್ ಗ್ರೂಪಿನವ್ರಿಗೂ ಒಂದ್ಸಲ ತೋರ್ಸ್ವನಾ? ಅವ್ರೂ ಕಾಗ್ದ ಕಂಡೋರಲ್ಲ" ಅಂದಳು. ಅವರಿಗೆಂತಕ್ಕೆ? ಡಿಗ್ರಿ ಓದಿದವರು.

ನವೆಂಬರ್ 12, ಬುಧವಾರ. ರಾತ್ರಿ ಊಟಕ್ಕೆ ಮುಂಚೆ

ಕಟ್ಟೆಯ ಹತ್ತಿರ ಜಗಳ.

ಕೊಪ್ಪದ ರಸ್ತೆ ಮುಗಿಯುವಲ್ಲಿ ಮಾವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ದಿನಾ ಸಂಜೆ ಹಿರಿಯರ ಬೈಠಕ್ಕು. ಎಲೆಯಡಿಕೆಯ ಕವಳ ಹಾಕುವುದು, ಉಗಿಯುವುದು, ನಮ್ಮನ್ನು ಬೈಯುವುದು. ಬೀರು ಗೌಡರೂ ಇದ್ದರು, ಪಕ್ಕದಲ್ಲಿ ಜಟ್ಟಿ ಅಜ್ಜ. ಟಾರ್ಚಿನ ಚೀಟಿ ಕೊಟ್ಟೆ. ಜಟ್ಟಿ ಅಜ್ಜ ಕಣ್ಣಿಗೆ ಹಿಡಿದು ನೋಡಿ ಶುರು ಮಾಡಿದ:

"ನಿಮ್ ಹುಡುಗ್ರು ವೋಟ್ ಹಾಕೂಕೆ ಬತ್ರ್ಯಾ? ಹಿಂದಿನ್ ಸಲ ಒಬ್ರದ್ದೂ ಪತ್ತೆ ಇರ್ಲಿಲ್ಲ. ಮೊಬೈಲ್ ತಿಕ್ಕೂಕೆ ಒಂದು ಬತ್ತದೆ ನಿಮ್ಗೆ."

"ನೀವು ಪ್ರತಿ ಸಲ ಹಾಕಿದ್ರಿ. ಯಂತಾ ಬಂತು? ಇದ್ದ ಬಸ್ಸೂ ಹೋಯ್ತು."

ಬೀರು ಗೌಡರು ಸಮಾಧಾನದಲ್ಲೇ ಹೇಳಿದರು, "ಬಸ್ ಹೋದದ್ದು ನನ್ನಿಂದ ಅಲ್ಲ ತಂಗಿ. ಮೊದ್ಲು ಸಣ್ ಬಸ್ಸು. ಈಗಿಂದು ಉದ್ದ. ತಿರುಗೂಕೆ ಜಾಗಿಲ್ಲ."

"ಜಾಗ ಅದೆ. ನೀವು ಅದ್ರ ಮೇಲೆ ಕೂತ್ಕಂಡೀರಿ."

ಆಮೇಲೆ ಬೀರು ಗೌಡರು, "ಈ ಕಟ್ಟೆ ಕಟ್ಟಿದ್ದು ಯಾರು ಅಂತ ಮನೇಲಿ ಕೇಳು" ಅಂದರು.

ಕೇಳಲಿಲ್ಲ. ಯಾರು ಕಟ್ಟಿದರೇನು. ನಾನು ಹೇಳಿದ್ದು ಸರಿ ಇದೆ.

ನವೆಂಬರ್ 14, ಶುಕ್ರವಾರ. ಬಸ್ಸಿನಲ್ಲಿ

ಗ್ರೂಪಿಗೆ ವಾಯ್ಸ್ ಹಾಕಿದೆ. ಸಿಟ್ಟು ಇಳಿದಿರಲಿಲ್ಲ. "ನಮ್ಮ ಮುದುಕರು ವೋಟಿನ ದಿನ ಮನೇಲೇ ಕೂತ್ಕಂಡ್ರೆ ಊರು ಉದ್ಧಾರ ಆಗ್ತದೆ. ಗೆದ್ದ ಮರುದಿನ ಆ ಕಟ್ಟೆ ಒಡೆಸ್ತೆ. ಅದ್ರ ಮೇಲೇ ಬಸ್ ತಿರುಗಿಸ್ತೆ." ಇಪ್ಪತ್ತು ಸೆಕೆಂಡು. ನಲವತ್ತೊಂದು ಹೆಬ್ಬೆಟ್ಟು, ಬೆಂಕಿ, ಚಪ್ಪಾಳೆ. ಹುಲಿಯಾ: 'ಅಕ್ಕಾ ಸೂಪರ್!!!'

ಮನಸ್ಸು ಹಗುರವಾಯಿತು.

ನವೆಂಬರ್ 16, ಭಾನುವಾರ

ಯಾರೋ ಫಾರ್ವರ್ಡ್ ಮಾಡಿದ್ದಾರೆ. ಜಟ್ಟಿ ಅಜ್ಜನ ಮೊಮ್ಮಗ ನಿನ್ನೆ ಸಂಜೆ ಕಟ್ಟೆಯಲ್ಲೇ ಜೋರಾಗಿ ಹಾಕಿ ಕೇಳಿಸಿದನಂತೆ. ಎಲ್ಲರೂ ಇದ್ದರು. ಮೀನಿನವಳನ್ನು ಕಾಯುತ್ತಾ ಅಜ್ಜಿಯೂ ಅಲ್ಲೇ ನಿಂತಿದ್ದಳು.

ಅಜ್ಜಿ ಮಾತಾಡುತ್ತಿಲ್ಲ. ಗಂಜಿ ಬಡಿಸಿದಳು, ಉಪ್ಪಿನಕಾಯಿ ಹಾಕಿದಳು, ಮಾತಿಲ್ಲ. ಬೈದರೆ ಉತ್ತರ ಇತ್ತು ನನ್ನ ಹತ್ತಿರ.

ನವೆಂಬರ್ 20, ಗುರುವಾರ. ಬೆಳಿಗ್ಗೆ 5.30

ಮೂರು ದಿನ ಬರೆಯಲಿಲ್ಲ. ಈಗ ಒಲೆಯ ಮುಂದೆ ಅಜ್ಜಿ ಬಾಯಿ ಬಿಟ್ಟಳು. ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

"ಬೈದದ್ದಕ್ಕೆ ಬೇಜಾರಿಲ್ಲ. ನಾವೂ ನಿಮ್ಗೆ ಬೈತ್ರು. ಮನೇಲಿ ಕೂತ್ಕಳ್ಳಿ ಅಂದ್ಯಲ್ಲ, ಅದು. ನಾ ಈ ಮನೆಗೆ ಬಂದಾಗ ಬಾವಿಗೆ ಹೋಗೂಕೂ ನಿನ್ ಮುತ್ತಜ್ಜಿಗೆ ಕೇಳ್ಬೇಕಾಗಿತ್ತು. ಯಾರ್ಗೂ ಕೇಳ್ದೆ ಹೊರಗೆ ಹೋಗೂ ದಿನ ಅಂದ್ರೆ ವೋಟಿಂದು ಒಂದೇ. ಹೊಸ ಸೀರೆ ಉಟ್ಕಂಡು ಹೋತಿದ್ದೆ. ಆ ದಿನ ಮನೇಲಿ ಕೂತ್ಕ ಅಂದ್ಯಲ್ಲ ನೀನು."

ಒಲೆಗೆ ಕಟ್ಟಿಗೆ ತಳ್ಳಿ ಮುಂದುವರಿಸಿದಳು.

"ಮತ್ತೆ ಆ ಕಟ್ಟೆ. ಅದು ಕಟ್ಟಿದ್ದು ನಿನ್ ಅಜ್ಜ. ಕಲ್ಲು ಹೊತ್ತದ್ದು ಬೀರು. ಎಂತಕ್ಕೆ ಗೊತ್ತೆ? ಮೊದ್ಲು ಬಸ್ ಬಂದ ವರ್ಷ, ಹೆಂಗಸ್ರು ಮಕ್ಕಳು ಬಸ್ಸಿಗೆ ಕಾಯೂಕೆ ಕೂತ್ಕಳ್ಳೂಕೆ ಅಂತ."

ಬಸ್ಸಿಗೆ ಕಾಯಲು ಕಟ್ಟಿದ ಕಟ್ಟೆ! ಈಗ ಅದೇ ಇದೆ ಅಂತ ಬಸ್ಸು ಬರುವುದಿಲ್ಲ. ನಗು ಬರಬೇಕಿತ್ತು, ಅಳು ಬಂತು. ಹೊಗೆ ಅಂದೆ.

ಅದೇ ದಿನ, ಸಂಜೆ

ಬೇಗ ಬಂದು ಕಟ್ಟೆಗೆ ಹೋದೆ. ನಿಂತೇ ಹೇಳಿದೆ — ಮನೆಯಲ್ಲಿ ಕೂರಿ ಅಂದದ್ದು ತಪ್ಪಾಯಿತು, ಬಸ್ಸು ಬೇಕು ಅಂದದ್ದು ತಪ್ಪಲ್ಲ. ಜಟ್ಟಿ ಅಜ್ಜ ಕವಳ ಉಗಿದು, "ಎರಡ್ನೇದು ನಂಗೂ ಬೇಕು ಮಾರಾಯ್ತಿ. ಹೈವೇ ತನಕ ನಡೆದ್ರೆ ಮೊಣಕಾಲು ನನ್ ಮಾತು ಕೇಳೂದಿಲ್ಲ" ಅಂದ. ಬೀರು ಗೌಡರು ನಕ್ಕರು. ಅಷ್ಟೇ.

ಅವರ ಮತ ನನಗೆ ಬೀಳುವುದಿಲ್ಲ, ಅದು ಗೊತ್ತು. ಅದಕ್ಕೆ ಹೇಳಿದ್ದಲ್ಲ. ನನ್ನವರು ಬಂದರೆ ಸಾಕು.

ನವೆಂಬರ್ 23, ಭಾನುವಾರ. ಸಂಜೆ 6

ಬಂದರು! ಗೋವಾದಿಂದ ಒಂದು ಟೆಂಪೋ ತುಂಬ, ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಎಂಟು ಜನ. ಹುಲಿಯಾ ಗ್ರೂಪಿನ ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದ. ಎಂಬತ್ನಾಲ್ಕರಲ್ಲಿ ಅರವತ್ತೊಂದು. ಯಾರಿಗೆ ರಜೆ ಸಿಗಲಿಲ್ಲವೋ ಅವರು ವಿಡಿಯೋ ಕಾಲ್ ಮಾಡಿ ಕ್ಷಮೆ ಕೇಳಿದರು. ಹುಡುಗರು ಬರುವುದಿಲ್ಲ ಅಂದ ಜಟ್ಟಿ ಅಜ್ಜ ಸಾಲಿನಲ್ಲಿ ಅವರ ನಡುವೆಯೇ ಸಿಕ್ಕಿಬಿದ್ದಿದ್ದ. ಮುಖ ನೋಡಬೇಕಿತ್ತು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ.

ನಾನೂ ಹಾಕಿದೆ. ಜೀವನದಲ್ಲಿ ಮೊದಲ ಸಲ ಕಾಗದದ ಮತ. ಮೊಹರು ಒತ್ತಿ ಆದ ಮೇಲೆ ಕೈ ತಾನಾಗಿ ಪೆನ್ನು ಹುಡುಕಿತು, ಎಳೆದುಕೊಂಡೆ. ಅಂಗಡಿಯಲ್ಲಿ ದಿನವಿಡೀ "ಇಲ್ಲಿ ಸಹಿ ಮಾಡಿ" ಅನ್ನುವ ಅಭ್ಯಾಸ.

ಅಜ್ಜಿಗೆ ಜೊತೆಗೆ ಬಾ ಅಂದಿದ್ದೆ. ಬರಲಿಲ್ಲ. ಹನ್ನೊಂದಕ್ಕೆ ಹಸಿರು ಸೀರೆ ಉಟ್ಟು ಒಬ್ಬಳೇ ಬಂದಳು, ಒಬ್ಬಳೇ ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಬಂದು ಕೇಳಿದೆ, ಯಾರಿಗೆ ಹಾಕಿದೆ ಅಂತ.

"ವೋಟು ಯಾರ್ಗಾದ್ರೂ ಹೇಳ್ತ್ರ್ಯಾ? ಅಷ್ಟೂ ಗೊತ್ತಿಲ್ವಾ ಕ್ಯಾಂಡಿಡೇಟಿಗೆ?"

ನವೆಂಬರ್ 26, ಬುಧವಾರ. ಮಧ್ಯಾಹ್ನ, ಅಂಕೋಲೆ ಬಸ್ ಸ್ಟ್ಯಾಂಡ್

ಬೀರು ಗೌಡ 196. ವೀಣಾ 193. ತಿರಸ್ಕೃತ 23.

ಮೂರು ಮತ.

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲೇ ಕೂಗಿಬಿಡುತ್ತೇನೆ. ಒಂದು ಮೇಜು, ಆ ಕಡೆ ಬೀರು ಗೌಡರು, ಈ ಕಡೆ ನಾನು, ಹುಲಿಯಾ ನನ್ನ ಏಜೆಂಟ್. ಅಧಿಕಾರಿ ಒಂದೊಂದೇ ಕಾಗದ ಬಿಚ್ಚಿ ನಮ್ಮಿಬ್ಬರಿಗೂ ತೋರಿಸಿ ಟ್ರೇಗೆ ಹಾಕುತ್ತಿದ್ದರು. ಟಾರ್ಚು, ಆಟೋ, ಟಾರ್ಚು, ಟಾರ್ಚು. ಒಂದು ಕಾಗದ ಮಾತ್ರ ಬಿಚ್ಚಲು ಬರಲೇ ಇಲ್ಲ. ಚೌಕವಾಗಿ ಮಡಚಿ, ತುದಿಯನ್ನು ಒಳಗೆ ಸಿಕ್ಕಿಸಿ ಪೊಟ್ಟಣ ಮಾಡಿಟ್ಟಿದ್ದರು. ಉಗುರು ಹಾಕಿ ಬಿಡಿಸುತ್ತಾ, "ಇದ್ಯಾರಪ್ಪ ಔಷಧಿ ಕಟ್ಟಿ ಕೊಟ್ಟದ್ದು" ಅಂದರು. ಒಳಗೆ ಟಾರ್ಚಿನ ಚೌಕದ ನಡುಮಧ್ಯೆ ಮೊಹರು, ಒಂದು ಚುಕ್ಕೆ ಮಸಿ ಆಚೀಚೆ ಇಲ್ಲ. "ಫಸ್ಟ್ ಕ್ಲಾಸ್" ಅಂತ ನನ್ನ ಟ್ರೇಗೆ ಹಾಕಿದರು.

ಆಮೇಲೆ ಮೊದಲ ಹಾಳು ಮತ ಬಂತು. ಟಾರ್ಚಿನ ಮೇಲೆ ಮೊಹರು, ಕೆಳಗೆ ಪೆನ್ನಿನಲ್ಲಿ 'ಆಲ್ ದ ಬೆಸ್ಟ್ ವೀಣಕ್ಕ'. ಅಧಿಕಾರಿ ಬದಿಗಿಟ್ಟರು. ಮತ್ತೊಂದು — ಸಹಿ, ತಾರೀಖಿನ ಸಮೇತ. ಮತ್ತೊಂದು ಸಹಿ. ಒಂದರಲ್ಲಿ ಫೋನ್ ನಂಬರ್. ಒಂದರಲ್ಲಿ ನಗುವ ಮುಖ. 'ಟಾರ್ಚ್ ಟೀಮ್' ಅಂತ ಮೂರು. ಒಂದರಲ್ಲಿ ಟಾರ್ಚಿನಿಂದ ಹೊರಟ ಬೆಳಕನ್ನೂ ಬಿಡಿಸಿದ್ದಾರೆ, ಚೆಂದವಾಗಿ. ಮತ ಹಾಕಿದವರ ಗುರುತು ಸಿಗುವಂಥ ಬರಹವೋ ಗುರುತೋ ಇದ್ದರೆ ತಿರಸ್ಕಾರ. ನಾನೇ ಮೂವತ್ತು ಮನೆಯಲ್ಲಿ ಹೇಳಿದ ನಿಯಮ. ಮೂವತ್ತೂ ಮುದುಕರ ಮನೆ.

ಕೊನೆಯದರಲ್ಲಿ ಹೃದಯದ ಚಿತ್ರ. ಬೀರು ಗೌಡರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದೆಂತದು ಸಾಹೇಬ್ರೆ, ವೀಳ್ಯದೆಲೆಯಾ?"

ಹುಲಿಯಾನ ಮುಖ ಬಿಳಿಚಿತು. ಅವನದೇ. "ಅಕ್ಕಾ, ಕಾಗ್ದ ಖಾಲಿ ಖಾಲಿ ಇತ್ತು... ಮಷೀನಾದ್ರೆ ಕೀಂ ಅಂತದೆ, ಗೊತ್ತಾಗ್ತದೆ. ಇದ್ರಲ್ಲಿ ನಾ ಹಾಕಿದ್ದು ನಿಂಗೆ ಹೆಂಗೆ ಗೊತ್ತಾಗೂದು ಅಂತ..."

ಬೈಯಲು ಬಾಯಿ ತೆರೆದೆ. ಕಾಶಿ ಹೇಳಿದ್ದು ನೆನಪಾಯಿತು. ಮುಚ್ಚಿದೆ.

ಇಪ್ಪತ್ತಮೂರೂ ಟಾರ್ಚೇ. ಒಂದಾದರೂ ಆಟೋ ಇರಲಿಲ್ಲ.

ಅದೇ ದಿನ, 4 ಗಂಟೆ

ಇನ್ನೊಂದು ವಿಷಯ ಬಸ್ಸಿನಲ್ಲಿ ಹೊಳೆಯಿತು. ಗ್ರೂಪಿನವರು ಅರವತ್ತೊಂದು. ಅದರಲ್ಲಿ ಇಪ್ಪತ್ತಮೂರು ಹೋದರೆ ಮೂವತ್ತೆಂಟು. ನನಗೆ ಬಿದ್ದದ್ದು ನೂರಾ ತೊಂಬತ್ತಮೂರು. ಉಳಿದ ನೂರೈವತ್ತೈದು ಯಾರದ್ದು? ಮತಗಟ್ಟೆಗೆ ಬಂದ ಅಕ್ಕ, ಅಣ್ಣ, ಅತ್ತಿಗೆಯರು ಅಂತ ಎಷ್ಟು ಎಳೆದರೂ ಎಂಬತ್ತು ದಾಟುವುದಿಲ್ಲ. ಉಳಿದದ್ದು ಅವರದ್ದೇ. ನಾನು ಮನೆಯಲ್ಲಿ ಕೂರಿ ಅಂದವರದ್ದು. ನೆಟ್ಟಗೆ ಮೊಹರು ಒತ್ತಿ, ನೆಟ್ಟಗೆ ಮಡಚಿ, ಬಾಯಿ ಮುಚ್ಚಿಕೊಂಡು ಮನೆಗೆ ಹೋದವರದ್ದು.

ಸೋತದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತಿದೆ. ಸಂತೋಷವೂ ಆಗುತ್ತಿದೆ. ಎರಡೂ ಒಟ್ಟಿಗೆ.

ಅವರಲ್ಲಿ ಅಜ್ಜಿ ಇದ್ದಾಳೋ ಇಲ್ಲವೋ?

ಡಿಸೆಂಬರ್ 2, ಮಂಗಳವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಐದು ದಿನ ಪೆನ್ನು ಹಿಡಿಯಲಿಲ್ಲ. ಗ್ರೂಪಿನಲ್ಲಿ ಕೆಲವರು 'ಮುದುಕರಿಂದ ಸೋತೆವು' ಅಂತ ಶುರು ಮಾಡಿದ್ದರು. ನಿನ್ನೆ ಅಂಕಿ ಸಮೇತ ಬರೆದು ಹಾಕಿದೆ. ಒಂದು ಹೆಬ್ಬೆಟ್ಟೂ ಬರಲಿಲ್ಲ. ಪರವಾಗಿಲ್ಲ, ಎಲ್ಲರೂ ಓದಿದ್ದಾರೆ.

ನಿನ್ನೆ ಬೀರು ಗೌಡರು ಅಂಗಳಕ್ಕೆ ಬಂದರು. ಮೊದಲ ಮೀಟಿಂಗಿಗೆ ಬಸ್ಸಿನ ಅರ್ಜಿ ಬೇಕಂತೆ. "ನೀ ಬರಿ, ನಾ ಸಹಿ ಹಾಕ್ತೆ. ಸಹಿ ಹಾಕೂಕೆ ನಿಮ್ ಹುಡುಗ್ರಿಂದ ಕಲ್ತೆ" ಅಂತ ಚುಚ್ಚಿದರು. ನಕ್ಕೆ, ಏನು ಮಾಡುವುದು! ಆಮೇಲೆ ಇಬ್ಬರೂ ಟೇಪು ಹಿಡಿದು ಕಟ್ಟೆ ಅಳೆದೆವು. ಪೂರ್ತಿ ಒಡೆಯುವುದು ಬೇಡ, ರಸ್ತೆ ಬದಿಯಿಂದ ನಾಲ್ಕು ಫೂಟು ತೆಗೆದರೆ ಉದ್ದ ಬಸ್ಸೂ ತಿರುಗುತ್ತದೆ. ಜಟ್ಟಿ ಅಜ್ಜ ಕೂರುವ ಜಾಗವೇ ಅದು. ಅವನು ಎರಡು ಫೂಟಿಗೆ ಚೌಕಾಸಿ ಮಾಡುತ್ತಿದ್ದಾನೆ. ಮೂರೂವರೆಗೆ ತರುತ್ತೇನೆ, ಬಸ್ಸಿಗೆ ಅಷ್ಟಾದರೂ ಸಾಕು.

ಮುಂದಿನ ಸಲ ಗೆಲ್ಲುತ್ತೇನೆ. ಅದು ಬೇರೆ ಮಾತು.

ಡಿಸೆಂಬರ್ 7, ಭಾನುವಾರ. ಸಂಜೆ 5.30, ಕಟ್ಟೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಗ್ರೂಪಿನ ಹದಿನಾಲ್ಕು ಜನ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಹುಲಿಯಾ ಎದುರಲ್ಲೇ, ರಜೆ ಹಾಕಿ ಬಂದಿದ್ದಾನೆ. ಕಾಶಿ ಬಟಾಟೆ ಮೊಹರು ಹಂಚಿದಳು. ಮುಂದಿನ ಸಲ ಮತ ಹಾಳಾಗದಂತೆ ಕಲಿಸುವವಳು ಅಜ್ಜಿ. ನಾನು ಕೇಳಿದಾಗ ಮೂರು ದಿನ ಆಡಿಸಿ ಕೊನೆಗೆ ಒಪ್ಪಿದಳು. ಹಸಿರು ಸೀರೆಯಲ್ಲೇ ಬಂದಿದ್ದಾಳೆ, ಇವತ್ತು ವೋಟೇ ಇಲ್ಲದಿದ್ದರೂ.

"ಪೆನ್ನು ಕಿಸೆಯಾಗೇ ಇರ್ಲಿ. ಯಾರ್ಗೂ ಹೃದಯ ಕೊಡೂಕೆ ಹೋಗೂದಲ್ಲ ಅಲ್ಲಿ" ಅಂದಳು. ಎಲ್ಲರೂ ಹುಲಿಯಾನನ್ನು ನೋಡಿದರು. ಕಟ್ಟೆಯ ಮೇಲಿದ್ದವರು ಕವಳ ಬೀಳುವ ಹಾಗೆ ನಕ್ಕರು.

ಆಮೇಲೆ ಕಾರ್ಡು ಕೈಗೆ ತೆಗೆದುಕೊಂಡಳು. ಉದ್ದಕ್ಕೆ ಮಡಚಿದಳು. ಅಡ್ಡಕ್ಕೆ ಮಡಚಿದಳು. ಮುಗಿಯಿತು ಅಂದುಕೊಂಡೆ, ನಾನು ಕಲಿಸಿದ್ದು ಅಷ್ಟೇ. ಅವಳು ನಿಲ್ಲಿಸಲಿಲ್ಲ.

"ಈಗ ಬಾಲ ಒಳಗೆ ಸಿಕ್ಸಿ. ಇಲ್ದಿದ್ರೆ ಡಬ್ಬಿಯೊಳಗೆ ಬಿಚ್ಕಂತದೆ, ಹಸಿ ಮಸಿ ಬೇರೆಯವ್ರ ಕಾಗ್ದಕ್ಕೆ ತಾಗ್ತದೆ. ಇದು ವೀಣಾಗೂ ಗೊತ್ತಿಲ್ಲ. ನಾ ಮೊದ್ಲಿಂದ ಹಿಂಗೇ ಹಾಕೂದು."

ಚೌಕದ ಪೊಟ್ಟಣ. ಕೈಚಾಚಿ ಇಸಿದುಕೊಂಡೆ. ಬಿಚ್ಚಲು ಬರಲಿಲ್ಲ. ಉಗುರು ಹಾಕಬೇಕಾಯಿತು, ಎಣಿಕೆಯ ದಿನ ಅಧಿಕಾರಿ ಹಾಕಿದ ಹಾಗೆ.

ಅಜ್ಜಿ ನೋಡುತ್ತಿದ್ದಾಳೆ. "ಯಂತಾ ಬರೀತಿ ಅಲ್ಲಿ? ನೀನೂ ಬಾ, ಮಡಚು" ಅಂತ ಕರೆಯುತ್ತಿದ್ದಾಳೆ. ಬಂದೆ ಅಜ್ಜಿ. ಒಂದು ನಿಮಿಷ. ಕಣ್ಣು ಒರೆಸಿಕೊಂಡು ಬರುತ್ತೇನೆ.